ಮೌಸು ವಿಲ್ಸನ್ ಗಾರ್ಡನ್ನಿಗೆ ಹೋದದ್ದು

ಸಿದ್ದಾಪುರ, ಬೆಂಗಳೂರು
6 ಜುಲೈ 2025

ಚಿ. ಅರ್ಪಿತಾಗೆ ನಿನ್ನ ತಾತ ಬೈರಣ್ಣನ ಆಶೀರ್ವಾದ.

ಇಲ್ಲಿ ಮೌಸ್ ಒಂದನ್ನು ಬಿಟ್ಟು ಮಿಕ್ಕವರೆಲ್ಲ ಚೆನ್ನಾಗಿದ್ದೇವೆ.

ರಜೆ ಮುಗಿಸಿ ಹಾಸ್ಟೆಲಿಗೆ ಹೊರಡುವಾಗ ನಿನ್ನ ಕೋಣೆಯ ಕಂಪ್ಯೂಟರನ್ನು ನನ್ನ ವಶಕ್ಕೆ ಕೊಟ್ಟು, "ತಾತ, ಇದು ಹಳೇದು, ಮೆಲ್ಲಗೆ ನೋಡ್ಕೋ" ಅಂದಿದ್ದೆ. ಮೆಲ್ಲಗೇ ನೋಡಿಕೊಂಡಿದ್ದೇನೆ. ಗುರುವಾರ ಬೆಳಿಗ್ಗೆ ಕೆಳಗಿನ ನಮ್ಮ ಸಸಿ ಅಂಗಡಿಯ ಗಿಡಗಳಿಗೆಲ್ಲ ನೀರು ಹಾಕಿ, ತಿಂಡಿ ತಿಂದು, ಕಂಪ್ಯೂಟರಿನಲ್ಲಿ ನೀನು ಹೇಳಿಕೊಟ್ಟ ಚಿತ್ರ ಬರೆಯುವ ಪೇಂಟ್ ತೆರೆದುಕೊಂಡು ಕೂತಿದ್ದೆ. ಬಾವಿಕಟ್ಟೆಗೆ ಬಣ್ಣ ತುಂಬುತ್ತಿದ್ದಾಗ ಬಾಣದ ಗುರುತು ನಿಂತಲ್ಲೇ ನಿಂತುಬಿಟ್ಟಿತು. ಎಡಕ್ಕೆಳೆದೆ, ಬಲಕ್ಕೆಳೆದೆ, ಜಪ್ಪಯ್ಯ ಅನ್ನಲಿಲ್ಲ. ಮಗುಚಿ ನೋಡಿದರೆ ಹೊಟ್ಟೆಯಡಿ ಉರಿಯುವ ಕೆಂಪು ದೀಪ ಆರಿಹೋಗಿತ್ತು. ಕೀಬೋರ್ಡಿಗೆ ಮಾತ್ರ ಜೀವವಿದೆ.

ನನಗೆ ತಿಳಿದ ವೈದ್ಯವನ್ನೆಲ್ಲ ಮಾಡಿದೆ. ಒರೆಸಿದೆ, ಊದಿದೆ, ಬಿಸಿಲಿಗೆ ಇಟ್ಟೆ. ನಿಮ್ಮಮ್ಮ "ಮಾವ, ಅದು ಹಪ್ಪಳ ಅಲ್ಲ" ಅಂತ ಒಳಗೆ ತಂದಿಟ್ಟಳು. ನಿಮ್ಮಪ್ಪ "ಹೊಸದು ತಂದ್ಕೊಡ್ತೀನಿ ಬಿಡಪ್ಪ" ಅಂದ. ಅವನು ತಂದುಕೊಡುತ್ತೇನೆ ಅಂದ ಟಾರ್ಚು ಯುಗಾದಿಯಿಂದ ಬರುತ್ತಲೇ ಇದೆ.

ಈಗ ಮುಖ್ಯ ವಿಷಯ. ಚಿತ್ರದಲ್ಲಿ ಹೊಸದಾಗಿ ಬರೆದದ್ದನ್ನು ಉಳಿಸಿಲ್ಲ. ಉಳಿಸುವ ಚೌಕದ ತನಕ ಮೌಸಿಲ್ಲದೆ ಹೋಗುವುದು ಹೇಗೆ? ಅದಕ್ಕೇ ಗುರುವಾರದಿಂದ ಕಂಪ್ಯೂಟರ್ ಆರಿಸಿಲ್ಲ, ಯಾರಿಗೂ ಮುಟ್ಟಗೊಟ್ಟಿಲ್ಲ. ಕರೆಂಟು ಹೋದಾಗ ಯುಪಿಎಸ್ಸು ಕೀರಲು ಹತ್ತಿದರೆ ನಾನು ಅಂಗಡಿಯಿಂದ ಮೇಲಕ್ಕೆ ಓಡುತ್ತೇನೆ. ಓಡಿ ಬಂದು ಮಾಡುವುದೇನೂ ಇಲ್ಲ, ಪಕ್ಕದಲ್ಲಿ ನಿಂತಿರುತ್ತೇನೆ. ಇದುವರೆಗೆ ಕರೆಂಟು ನನ್ನ ಮಾನ ಉಳಿಸಿದೆ.

ಭಾನುವಾರದ ಫೋನಿನಲ್ಲಿ ಕೇಳೋಣವೆಂದರೆ ನಿಮ್ಮಮ್ಮ ನಿನ್ನ ಊಟ, ಕೂದಲು, ಪರೀಕ್ಷೆ ವಿಚಾರಿಸುವಷ್ಟರಲ್ಲಿ ವಾರ್ಡನ್ "ಸಾಕು" ಅನ್ನುತ್ತಾರೆ. ಹಾಗಾಗಿ ಕಾಗದ. ಬೇಗ ಬರೆ.

ಇಂತಿ,
ನಿನ್ನ ತಾತ

*

ಹಾಸ್ಟೆಲ್, ಪುತ್ತೂರು
11 ಜುಲೈ 2025

ಪ್ರೀತಿಯ ತಾತ,

ಮೊದಲು ಇದನ್ನು ಮಾಡು, ಮಿಕ್ಕದ್ದನ್ನು ಆಮೇಲೆ ಓದು. ಕೀಬೋರ್ಡಿನ ಎಡಗಡೆ ಕೆಳಮೂಲೆಯಲ್ಲಿ Ctrl ಅಂತ ಬರೆದಿರುವ ಗುಂಡಿ ಒತ್ತಿ ಹಿಡಿದುಕೋ. ಬಿಡಬೇಡ. ಹಿಡಿದುಕೊಂಡೇ S ಒತ್ತು. ಹೆಸರು ಕೇಳಿದರೆ ಏನಾದರೂ ಟೈಪ್ ಮಾಡಿ Enter ಒತ್ತು. ಮುಗಿಯಿತು, ಚಿತ್ರ ಉಳಿಯಿತು. ಈಗ ನೀರು ಕುಡಿ.

ನಿನ್ನ ಕಾಗದವನ್ನು ಮೆಸ್ಸಿನಲ್ಲಿ ಗಟ್ಟಿಯಾಗಿ ಓದಿದೆ. ಹಪ್ಪಳದ ಜಾಗಕ್ಕೆ ಬಂದಾಗ ನನ್ನ ರೂಮ್‌ಮೇಟಿಗೆ ಮಜ್ಜಿಗೆ ನೆತ್ತಿಗೇರಿತು.

ಈಗ ಮೌಸ್. ಸಮಾಧಾನವಾಗಿ ಮಾಡು. ಮೊದಲು ಕಂಪ್ಯೂಟರನ್ನು ಪೂರ್ತಿ ಆರಿಸಿ ಮತ್ತೆ ಹಾಕು. ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ. ಮೌಸಿಲ್ಲದೆ ಆರಿಸಲು Alt ಹಿಡಿದುಕೊಂಡು ಮೇಲಿನ ಸಾಲಿನ F4 ಒತ್ತು. ಪೇಂಟ್ ಮುಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಹಾಗೇ ಒತ್ತಿದರೆ ಆರಿಸಲೇ ಅಂತ ಕೇಳುತ್ತದೆ, Enter ಒತ್ತು. ಅದಕ್ಕೂ ಜಗ್ಗದಿದ್ದರೆ ಮೌಸಿನ ವೈರು ಹಿಡಿದು ಹಿಂದಕ್ಕೆ ಹೋಗು. ಅದು ಚಪ್ಪಟೆ ಬಾಯಿಯ ತೂತಿಗೆ ಚುಚ್ಚಿದೆ. ಅದನ್ನು ಕಿತ್ತು ಪಕ್ಕದ್ದಕ್ಕೆ ಚುಚ್ಚು, ಆಮೇಲೆ ಅದರ ಪಕ್ಕದ್ದು. ಮುಂಭಾಗದಲ್ಲೂ ಎರಡಿವೆ, ಅವನ್ನೂ ಬಿಡಬೇಡ. ಪ್ರತಿ ಸಲ ಹೊಟ್ಟೆಯ ದೀಪ ನೋಡು. ವೈರನ್ನು ಉದ್ದಕ್ಕೂ ಬೆರಳಲ್ಲಿ ಸವರಿ ಎಲ್ಲಾದರೂ ಮುರಿದಂತೆ ಇದೆಯಾ ನೋಡು.

ದೀಪ ಎಲ್ಲೂ ಹತ್ತದಿದ್ದರೆ ಅದೇ ಮೌಸನ್ನು ಬೇರೆ ಕಂಪ್ಯೂಟರಿಗೆ ಹಾಕಿ ನೋಡಬೇಕು. ಅಲ್ಲಿ ಹತ್ತಿದರೆ ನಮ್ಮ ಕಂಪ್ಯೂಟರಿನ ದೋಷ, ಅಲ್ಲೂ ಹತ್ತದಿದ್ದರೆ ಮೌಸಿನ ದೋಷ. ಅದು ಗೊತ್ತಾಗುವ ತನಕ ಅಪ್ಪನಿಗೆ ಹೊಸದು ತರಲು ಹೇಳಬೇಡ. (ಹೇಳಿದರೂ ತರುವುದಿಲ್ಲ, ಸರಿ.)

ಅಂದಹಾಗೆ, ಬಾವಿಕಟ್ಟೆ ಅಂದರೆ ಯಾವ ಬಾವಿ? ರಜೆಯಲ್ಲಿ ನಾನು ಕಲಿಸಿದ್ದು ಗುಲಾಬಿ ಬರೆಯುವುದು. ನೀನೇನು ಬರೆಯುತ್ತಿದ್ದೀಯ?

ನಿನ್ನ,
ಅರ್ಪಿತ

*

ಸಿದ್ದಾಪುರ
20 ಜುಲೈ 2025

ಚಿ. ಅರ್ಪಿತಾಗೆ ತಾತನ ಆಶೀರ್ವಾದ.

ಚಿತ್ರ ಉಳಿಯಿತು. ಬೆರಳು ಜಾರಿದರೆ ಎಲ್ಲ ಹೋದೀತೆಂದು ನಿಮ್ಮಮ್ಮನಿಂದ Ctrl ಹಿಡಿಸಿ S ನಾನು ಒತ್ತಿದೆ. ಇಬ್ಬರೂ ಉಸಿರು ಬಿಟ್ಟೆವು.

ಮೌಸಿನದು ಮಾತ್ರ ಅದೇ ಕಥೆ. ಆರಿಸಿ ಹಾಕಿದೆ. ಹಿಂದಿನ ತೂತುಗಳಿಗೆಲ್ಲ ಚುಚ್ಚಿದೆ, ಮುಂದಿನವಕ್ಕೂ ಚುಚ್ಚಿದೆ. ದೀಪ ಎಲ್ಲೂ ಹತ್ತಲಿಲ್ಲ. ವೈರು ನೆಟ್ಟಗಿದೆ.

ಬೇರೆ ಕಂಪ್ಯೂಟರಿಗೆ ಹಾಕಬೇಕು ಅಂದೆಯಲ್ಲ, ಅದಕ್ಕಾಗಿ ಮೊದಲು ಮೇಲಿನ ಮಹಡಿಗೆ ಹೋದೆ. ಬಾಡಿಗೆಗೆ ಇರುವ ಬಾಗಲಕೋಟೆ ಕಡೆಯ ಜಯಾ ನಿನಗೆ ಗೊತ್ತಲ್ಲ, ಆಕೆಯ ಬಳಿ ಆಫೀಸಿನ ಲ್ಯಾಪ್‌ಟಾಪ್ ಇದೆ. ಪಾಪ, ಕೂರಿಸಿ ಚಹ ಕೊಟ್ಟಳು. "ಅಜ್ಜಾರ, ನಮ್ಮ ಆಫೀಸ್‌ನವ್ರು ಇದ್ರಾಗ ಹೊರಗಿಂದು ಏನೂ ಚುಚ್ಚಾಕ ಬಿಡಂಗಿಲ್ಲ ನೋಡ್ರಿ. ಚುಚ್ಚಿದ್ರ ಅಲ್ಲಿ ಅವ್ರಿಗೆ ಗೊತ್ತಾಕ್ಕೈತಿ" ಅಂದಳು. ನನ್ನ ಮೌಸಿಗಾಗಿ ಆಕೆಯ ಕೆಲಸಕ್ಕೆ ಸಂಚಕಾರ ಬೇಡವೆಂದು ಚಹ ಕುಡಿದು ಇಳಿದು ಬಂದೆ. ಜೆರಾಕ್ಸ್ ಅಂಗಡಿಯವನು ವೈರಸ್ ಅಂದ. ಮೌಸಿಗೆ ಎಲ್ಲಿಯ ವೈರಸ್ಸು ಅಂದರೆ, "ಯಾವುದನ್ನೂ ನಂಬೋಕಾಗಲ್ಲ ಅಂಕಲ್" ಅಂದ.

ಚಿತ್ರದ ವಿಷಯ ಕೇಳಿದ್ದೀಯ. ಸುಮ್ಮನೆ ಕೂತು ನಮ್ಮ ಹಳೆಯ ತೋಟ ಬರೆಯುತ್ತಿದ್ದೇನೆ. ಈಗ ನಮ್ಮ ಮನೆ, ಹಿಂದಿನ ಎರಡು ಬೀದಿ, ಆ ಅಪಾರ್ಟ್‌ಮೆಂಟು ಇರುವ ಜಾಗವೆಲ್ಲ ನಮ್ಮದೇ ತೋಟವಾಗಿತ್ತು. ಬಾವಿ, ಕೊತ್ತಂಬರಿ ಮಡಿಗಳು, ಸೇವಂತಿಗೆ, ನಿಂಬೆ. ಕಾಗದದಲ್ಲಿ ಬರೆದರೆ ತಪ್ಪಾದದ್ದನ್ನು ಅಳಿಸಿ ಅಳಿಸಿ ತೂತಾಗುತ್ತದೆ. ಕಂಪ್ಯೂಟರಿನಲ್ಲಿ ಎಷ್ಟು ಅಳಿಸಿದರೂ ಹಾಳೆ ಹಾಗೇ ಇರುತ್ತದೆ, ಅದು ನನಗೆ ಹಿಡಿಸಿತು.

ಆದರೆ ನೆನಪು ಕೈಕೊಡುತ್ತಿದೆ. ಬಾವಿಯ ಮೂಡಲಿಗೆ ದಾಳಿಂಬೆ ಇತ್ತೋ ಸೀಬೆ ಇತ್ತೋ ಅಂತ ನಾಲ್ಕು ದಿನ ಯೋಚಿಸಿದೆ. ಕೇಳೋಣವೆಂದರೆ ಆಗ ಇದ್ದವರು ಈಗ ಯಾರಿದ್ದಾರೆ? ಮಂಗಳೂರು ಕಡೆ ಮಳೆ ಜೋರೆಂದು ಪೇಪರಿನಲ್ಲಿ ಓದಿದೆ. ಒದ್ದೆ ತಲೆಯಲ್ಲಿ ಕ್ಲಾಸಿಗೆ ಹೋಗಬೇಡ.

ಇಂತಿ,
ತಾತ

*

ಪುತ್ತೂರು
27 ಜುಲೈ 2025

ಪ್ರೀತಿಯ ತಾತ,

ಆಗ ಇದ್ದವರು ಯಾರಿದ್ದಾರೆ ಅಂತ ಬರೆದಿದ್ದೀಯ. ಒಬ್ಬರಿದ್ದಾರೆ. ನಿನಗೂ ಗೊತ್ತು, ನನಗೂ ಗೊತ್ತು.

ಕೋಪ ಮಾಡಿಕೊಳ್ಳಬೇಡ. ವಿಲ್ಸನ್ ಗಾರ್ಡನ್ನಿನಲ್ಲಿ ನಿನ್ನ ಅಕ್ಕ, ನಮ್ಮ ದೊಡ್ಡಜ್ಜಿಯ ಮೊಮ್ಮಗ ರೇವಂತಣ್ಣನ ಹತ್ತಿರ ಒಳ್ಳೆಯ ಕಂಪ್ಯೂಟರಿದೆ. ಯಾವ ಆಫೀಸಿನವರ ಕಾಟವೂ ಇಲ್ಲ. ಅವನು ಮನೆಯಲ್ಲೇ ಕೂತು ಸಿ.ಎ. ಓದುತ್ತಿದ್ದಾನೆ. ನನಗೆ ಹೇಗೆ ಗೊತ್ತು ಅಂದರೆ, ನಾವು ಮಕ್ಕಳು ಮಾತಾಡುತ್ತೇವೆ. ರಜೆಯಲ್ಲಿ ಜಯನಗರ ಕಾಂಪ್ಲೆಕ್ಸಿನಲ್ಲಿ ಸಿಕ್ಕು ಐಸ್‌ಕ್ರೀಮ್ ಕೂಡ ತಿಂದೆವು. ಅಮ್ಮನಿಗೆ ಹೇಳಿಲ್ಲ. ಈಗ ನಿನಗೆ ಹೇಳಿದ್ದೇನೆ.

ನಮ್ಮ ಈ ಮನೆಯ ಗೃಹಪ್ರವೇಶದ ದಿನ ನಾನು ಹತ್ತು ವರ್ಷದವಳು. ದೊಡ್ಡಜ್ಜಿ ನನ್ನ ಕೈಗೆ ಹಸಿರು ಬಳೆ ತೊಡಿಸಿ, ಮನೆಯ ಹಿಂದೆ ಹೋಗಿ ನೋಡಿಕೊಂಡು ಬಂದು, ಎಲೆ ಹಾಕಿದ್ದರೂ ಕೂರದೆ ಹೊರಟುಹೋದರು. ಅಷ್ಟೇ ನೆನಪು. ಆಮೇಲೆ ಅವರ ಹೆಸರೆತ್ತಿದರೆ ನೀನು ಎದ್ದು ಗಿಡಗಳಿಗೆ ನೀರು ಹಾಕಲು ಹೋಗುತ್ತಿದ್ದೆ. ನೀರು ಹಾಕಿದ ಗಿಡಕ್ಕೇ ಮತ್ತೆ ಹಾಕುತ್ತಿದ್ದೆ. ಯಾಕೆಂದು ನಾನು ಕೇಳುವುದಿಲ್ಲ.

ಬರೀ ಮೌಸ್ ಪರೀಕ್ಷೆ ಮಾಡಿಸಲು ಹೋಗಿ ಬಾ. ಎರಡು ನಿಮಿಷದ ಕೆಲಸ.

ನಿನ್ನ,
ಅರ್ಪಿತ

*

ಸಿದ್ದಾಪುರ
24 ಆಗಸ್ಟ್ 2025

ಚಿ. ಅರ್ಪಿತಾಗೆ ತಾತನ ಆಶೀರ್ವಾದ.

ಕಾಗದ ತಡವಾಯಿತು. ಅಂಗಡಿಯಲ್ಲಿ ಗಣೇಶನ ಹಬ್ಬಕ್ಕೆ ಮುಂಚಿನ ವ್ಯಾಪಾರ ಅಂತ ಬರೆಯಬಹುದು. ಆದರೆ ನೀನು ನಂಬುವವಳಲ್ಲ.

ನಿನ್ನ ಕಾಗದ ಓದಿ ಎರಡು ದಿನ ನಿನ್ನ ಮೇಲೆ ಕೋಪವಿತ್ತು. ಮೂರನೆಯ ದಿನ ಆ ಕೋಪ ಯಾವುದರ ಮೇಲೆಂದು ನನಗೇ ತಿಳಿಯದಾಯಿತು. ಒಂದು ಬೆಳಿಗ್ಗೆ ಮೌಸನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೊರಟೆ. ಲಾಲ್‌ಬಾಗಿನ ಗೋಡೆ ಬಳಸಿ ನಡೆದರೆ ಎಷ್ಟು ದೂರ ಹೇಳು. ಅಷ್ಟರಲ್ಲೇ ಒಮ್ಮೆ ಅರ್ಧದಿಂದ ಹಿಂದಿರುಗಿ ಬಂದೆ. ಇನ್ನೊಂದು ದಿನ ಅವರ ಬೀದಿಯ ತುದಿಯ ತನಕ ಹೋಗಿ, ಎಳನೀರು ಕುಡಿದು ವಾಪಸಾದೆ. ಮೊನ್ನೆ ಶುಕ್ರವಾರ ಗೇಟು ತೆಗೆದೆ.

ಬಾಗಿಲಿಗೆ ಬಂದವಳು ಅಕ್ಕನೇ. ಸೊರಗಿದ್ದಾಳೆ. ತಲೆ ಪೂರ್ತಿ ಬೆಳ್ಳಗಾಗಿದೆ. ನನ್ನ ಮುಖ ನೋಡಲಿಲ್ಲ, ಜೇಬು ನೋಡಿದಳು.

"ಏನೋ ಅದು, ಬಾಲ ನೇತಾಡ್ತಾ ಐತೆ?"

"ಮೌಸು."

"ಸತ್ತೈತಾ?"

"ಅದನ್ನ ನೋಡೋಕೇ ಬಂದಿದ್ದು. ರೇವಂತ ಅವ್ನಾ?"

"ಅವ್ನೆ. ಚಪ್ಪಲಿ ಅಲ್ಲೇ ಬಿಡು, ಈಗ್ತಾನೆ ಒರ್ಸಿದೀನಿ."

ಏಳು ವರ್ಷದ ಮೇಲೆ ಅವಳು ನನಗೆ ಹೇಳಿದ್ದು ಇಷ್ಟು. ದಾರಿಯುದ್ದಕ್ಕೂ ನಾನು ಏನೇನೋ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಒಂದಕ್ಕೂ ಅವಳು ಜಾಗ ಕೊಡಲಿಲ್ಲ.

ರೇವಂತ ಒಳ್ಳೆಯ ಹುಡುಗ. ಮೌಸನ್ನು ಚುಚ್ಚಿದ ಕೂಡಲೇ ಕೆಂಪು ದೀಪ ಹತ್ತಿತು. "ತಾತ, ಮೌಸ್ ಸಖತ್ತಾಗೈತೆ. ಪ್ರಾಬ್ಲಮ್ ಇರೋದು ನಿಮ್ ಸಿಸ್ಟಮ್ಮಲ್ಲಿ" ಅಂದ. ಬೇಕಾದರೆ ನೋಡಿ ಅಂತ ಪೇಂಟ್ ತೆಗೆದುಕೊಟ್ಟ. ಪರೀಕ್ಷೆಗಿರಲಿ ಅಂತ ನಾನು ಒಂದು ದುಂಡನೆಯ ಗೆರೆ ಎಳೆದೆ. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

"ಏನದು?"

"ಬಾವಿ."

"ನಮ್ದಾ?"

"ಇನ್ಯಾರ್ದು?"

"ನಮ್ ಬಾವಿ ದುಂಡಗಿರ್ಲಿಲ್ಲ ಕಣೋ. ಚೌಕ. ಮೆಟ್ಟಿಲಿತ್ತು. ಅದರೊಳಗೆ ಬಿದ್ದೋನು ನೀನು, ನಿನ್ಗೇ ಗೊತ್ತಿಲ್ವಾ?"

"ಬಿದ್ದಾಗ ಕಣ್ ಮುಚ್ಕೊಂಡಿದ್ದೆ."

ರೇವಂತ ನಕ್ಕುಬಿಟ್ಟ. ಅಕ್ಕ ನಗಲಿಲ್ಲ, ಆದರೆ ಒಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕ ಕೂತಳು. ಆ ದಿನ ನನ್ನನ್ನು ಬಾವಿಯಿಂದ ಜುಟ್ಟು ಹಿಡಿದು ಎಳೆದು ತೆಗೆದವಳು ಅವಳೇ. ನಾನು ದುಂಡನೆಯದನ್ನು ಅಳಿಸಿ ಚೌಕ ಬರೆದೆ. ಮೂಡಲಿಗೆ ಸೀಬೆ ಅಂತೆ. ದಾಳಿಂಬೆ ಇದ್ದದ್ದು ಪಂಪ್‌ಶೆಡ್ಡಿನ ಬಳಿ.

ಮನೆಯ ಕಂಪ್ಯೂಟರಿನಲ್ಲಿರುವ ಚಿತ್ರವನ್ನೇ ತರಬಹುದಿತ್ತು ಅಂತ ರೇವಂತ ಅಂದ. ಆದರೆ ಅದರ ತೂತುಗಳೇ ಸತ್ತಿರುವಾಗ ಪೆನ್‌ಡ್ರೈವ್ ಚುಚ್ಚುವುದೆಲ್ಲಿಗೆ? ಇಂಟರ್ನೆಟ್ಟಂತೂ ನೀನು ಹೋದ ಮೇಲೆ ನಿಮ್ಮಪ್ಪ ತೆಗೆಸಿದ್ದಾನೆ. ಹಾಗಾಗಿ ಮೊದಲಿಂದ ಶುರು.

ಮಧ್ಯಾಹ್ನವಾಯಿತು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಊಟಕ್ಕೆ ಎಬ್ಬಿಸಿದರೆ ಬೇಡ ಅನ್ನಬೇಕು ಅಂತ ಮನೆ ಬಿಡುವಾಗಲೇ ಗಟ್ಟಿ ಮಾಡಿಕೊಂಡಿದ್ದೆ. ತಟ್ಟೆ ಮುಂದೆ ಬಂದ ಮೇಲೆ ಆ ಮಾತು ಬಾಯಿಗೆ ಬರಲಿಲ್ಲ. ಇನ್ನೊಂದು ಮುದ್ದೆಯನ್ನೂ ಕೇಳಲಿಲ್ಲ, ಅವಳೇ ಹಾಕಿದಳು.

ಹೊರಡುವಾಗ ಮೌಸಿನ ವೈರು ಸುತ್ತುತ್ತಿದ್ದೆ. "ಅದನ್ನ ಇಲ್ಲೇ ಬಿಟ್ಟೋಗು. ಅಲ್ಲಿ ತಗೊಂಡೋಗಿ ಏನ್ ಮಾಡ್ತೀಯ? ಮಂಗಳವಾರ ಬಾ" ಅಂದಳು.

ಇಂತಿ,
ತಾತ

ಐಸ್‌ಕ್ರೀಮಿನ ವಿಷಯ ನಿಮ್ಮಮ್ಮನಿಗೆ ಹೇಳಿಲ್ಲ.

*

ಪುತ್ತೂರು
3 ಸೆಪ್ಟೆಂಬರ್ 2025

ತಾತಾ!

ಈ ಸಲ ಮೆಸ್ಸಿನಲ್ಲಿ ಓದಲಿಲ್ಲ. ಮಂಚದ ಮೇಲೆ ಕೂತು ಒಬ್ಬಳೇ ಓದಿಕೊಂಡೆ, ಎರಡು ಸಲ.

ದೊಡ್ಡಜ್ಜಿ ಈಗಲೂ ಅದೇ ದೊಡ್ಡ ಮೂಗುಬೊಟ್ಟು ಇಟ್ಟುಕೊಳ್ಳುತ್ತಾರಾ? ಮುಂದಿನ ಕಾಗದದಲ್ಲಿ ಬರೆ.

ಮೌಸಿನದೊಂದು ವಿಷಯ. ಕೆಮಿಸ್ಟ್ರಿ ಲ್ಯಾಬಿನಲ್ಲಿ ನಿಂತಿದ್ದಾಗ ಹೊಳೆಯಿತು. ಒಂದು ತೂತು ಕೆಟ್ಟರೆ ಸರಿ, ಹಿಂದಿನವೆಲ್ಲ ಒಟ್ಟಿಗೆ ಕೆಡುವುದು ಹೇಗೆ? ಕೀಬೋರ್ಡಿನದು ದುಂಡನೆಯ ಹಳೇ ಕಾಲದ ಪ್ಲಗ್ಗು, ಅದು ಪಕ್ಕಕ್ಕೆ ಬೇರೆಯೇ ಇದೆ. ಅದಕ್ಕೇನೂ ಆಗಿಲ್ಲ. ಅಂದರೆ ಹಿಂಭಾಗಕ್ಕೆ ಏನೋ ಆಗಿದೆ. ಹೋದ ಭಾನುವಾರ ಫೋನಿನಲ್ಲಿ ಅಮ್ಮ "ನಿನ್ ರೂಮು ಈಗ ಹಸಿರೋ ಹಸಿರು" ಅಂದರು. ಹಸಿರು ಅಂದರೇನು ತಾತ? ಸಿಪಿಯು ಮೇಲೆ ಏನಾದರೂ ಇಟ್ಟಿದ್ದೀಯಾ? ನಿಜ ಹೇಳು.

ದಸರಾ ರಜೆ ಎರಡನೇ ಪಿಯುಸಿಯವರಿಗೆ ಇಲ್ಲವಂತೆ, ಸ್ಪೆಷಲ್ ಕ್ಲಾಸಂತೆ. ಇದ್ದಿದ್ದರೆ ಬಂದು ನಾನೇ ನೋಡುತ್ತಿದ್ದೆ.

ನಿನ್ನ,
ಅರ್ಪಿತ

*

ಸಿದ್ದಾಪುರ
28 ಸೆಪ್ಟೆಂಬರ್ 2025

ಚಿ. ಅರ್ಪಿತಾಗೆ ತಾತನ ಆಶೀರ್ವಾದ.

ಮೂಗುಬೊಟ್ಟು ಇದೆ. ಅದು ಇಲ್ಲದಿದ್ದರೆ ನನಗೇ ಗುರುತು ಸಿಗುತ್ತಿರಲಿಲ್ಲ.

ಈಗ ಮಂಗಳವಾರ, ಶುಕ್ರವಾರ ಹೋಗುತ್ತಿದ್ದೇನೆ. ನಿಮ್ಮಮ್ಮನಿಗೆ ಮೊದಲ ದಿನವೇ ಗೊತ್ತಾಯಿತು, ಯಾಕೆಂದರೆ ರಾತ್ರಿ ಊಟ ಬೇಡ ಅಂದೆ. ಮುಂದಿನ ಸಲ ಹೊರಟಾಗ ನನ್ನ ಕೈಗೆ ಒಂದು ಡಬ್ಬಿ ಚಕ್ಕುಲಿ ಕೊಟ್ಟಳು. ಯಾರಿಗೆ ಅಂತ ಅವಳೂ ಹೇಳಲಿಲ್ಲ.

ತೋಟ ಬಹುಪಾಲು ಆಯಿತು. ಅಕ್ಕ ಕೂತು ಹೇಳುತ್ತಾಳೆ, ನಾನು ಬರೆಯುತ್ತೇನೆ. ನಿಂಬೆ ಇಲ್ಲಿ, ಕನಕಾಂಬರ ಅಲ್ಲಿ, ಹಸುವಿನ ಕೊಟ್ಟಿಗೆ ಈ ಕಡೆ. ಜಗಳವೂ ಆಗುತ್ತದೆ. ದಂಟಿನ ಮಡಿ ಎಷ್ಟುದ್ದ ಇತ್ತೆಂದು ಒಂದು ಬೆಳಿಗ್ಗೆ ಪೂರ್ತಿ ಕಿತ್ತಾಡಿದೆವು. ರೇವಂತ ಕಿವಿಗೆ ಹತ್ತಿ ಇಟ್ಟುಕೊಂಡು ಓದುತ್ತಿದ್ದ.

ಮೊನ್ನೆ ಮಂಗಳವಾರ ಅವಳು ತೆರೆಯ ಮೇಲೆ ಬೆರಳಿಟ್ಟು, "ಈ ಮೂಲೆ ಯಾಕೋ ಖಾಲಿ ಬಿಟ್ಟಿದೀಯ?" ಅಂದಳು.

ಅದು ಹಲಸಿನ ಮರದ ಮೂಲೆ. ನಮ್ಮವ್ವ ನೆಟ್ಟದ್ದು. ತೋಟವೆಲ್ಲ ಹೋದರೂ ಮರ ಇತ್ತು. ಈಗಿನ ಮನೆ ಕಟ್ಟಿಸುವಾಗ ಅದನ್ನು ಉಳಿಸಬೇಕೆಂದು ಅಕ್ಕ ಹೇಳಿದ್ದಳು, ನಾನೂ ಕಂಟ್ರಾಕ್ಟರಿಗೆ ಹೇಳಿದ್ದೆ. ನಾವೆಲ್ಲ ಮಾದಪ್ಪನ ಬೆಟ್ಟಕ್ಕೆ ಹೋಗಿ ಬರುವಷ್ಟರಲ್ಲಿ ಲಾರಿ ಒಳಗೆ ಬರಲು ಅಡ್ಡವೆಂದು ಅವನು ಕಡಿಸಿಬಿಟ್ಟಿದ್ದ. ಗೃಹಪ್ರವೇಶದ ದಿನ ಅಕ್ಕ ಮನೆಯ ಹಿಂದೆ ಹೋಗಿ ನೋಡಿದ್ದು ಅದನ್ನೇ. ನೀನು ಯಾಕೆಂದು ಕೇಳುವುದಿಲ್ಲ ಅಂದಿದ್ದೆ. ಕೇಳದಿದ್ದರೂ ಹೇಳಿದ್ದೇನೆ.

"ನಾನು ಕಡ್ಸಿಲ್ಲ ಅಕ್ಕ" ಅಂದೆ.

"ಗೊತ್ತು."

"ಯಾವಾಗ ಗೊತ್ತಾಯ್ತು?"

"ಅವತ್ತೇ ಗೊತ್ತಿತ್ತು. ಅವ್ವನ ಮರ ನೀನ್ ಯಾಕೆ ಕಡುಸ್ತೀಯ?"

"ಮತ್ತೆ ಊಟ ಮಾಡ್ದೆ ಹೋಗ್ಬಿಟ್ಟೆ?"

"ಗಂಟ್ಲಲ್ಲಿ ಇಳೀತಿರ್ಲಿಲ್ಲ ಕಣೋ. ನಾಳೆ ಬರ್ತಾನೆ, ಕೇಳ್ತಾನೆ ಅಂತಿದ್ದೆ. ನೀನು ಬರ್ಲೇ ಇಲ್ಲ."

ನಾನು ಅವಳೇ ಬರಲಿ ಅಂತ ಕಾದಿದ್ದೆ ಅರ್ಪಿತಾ. ಎಲೆ ಹಾಕಿದ್ದರೂ ಕೂರದೆ ಹೋದವಳು ಅವಳಲ್ಲವೇ, ಅವಳೇ ಬರಬೇಕು ಅಂತ. ಇಬ್ಬರೂ ಲಾಲ್‌ಬಾಗಿನ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕಾಯುತ್ತ ಕೂತಿದ್ದೆವು.

ಇದನ್ನು ಅವಳಿಗೆ ಹೇಳಲಿಲ್ಲ. ಕುರ್ಚಿ ಹಿಂದಕ್ಕೆ ಸರಿಸಿ, "ಮರ ನೀನೇ ಬರಿ" ಅಂದೆ.

"ನಂಗೆಲ್ಲೋ ಬರುತ್ತೆ ಅದೆಲ್ಲ" ಅಂದಳು. ಆದರೆ ಕೈ ಮುಂದೆ ಬಂತು. ಮೌಸಿನ ಮೇಲೆ ಅವಳ ಕೈ ಇರಿಸಿ, ಅದರ ಮೇಲೆ ನನ್ನದಿಟ್ಟು ಕಾಂಡ ಎಳೆಸಿದೆ. ಆಮೇಲೆ ಬಿಡು ಅಂದಳು. ಬಿಟ್ಟೆ. ಮರ ಮೇಲೆ ಹೋಗುತ್ತ ಬದನೆಕಾಯಿಯ ಹಾಗಾಯಿತು. ಕಾಯಿಗಳನ್ನು ಬುಡದಲ್ಲಿ ಗುಂಪಾಗಿ ಇಟ್ಟಳು, ಅದು ಬಿಡುತ್ತಿದ್ದದ್ದೇ ಹಾಗೆ. ರೇವಂತ ಬಂದು ನೋಡಿ, "ಅಜ್ಜಿ, ಅಳಿಸಿ ನೀಟಾಗಿ ಬರೀಬಹುದು" ಅಂದ.

"ಬೇಡ. ಇರ್ಲಿ" ಅಂದಳು.

ಮೇಲಿನ ಬೆಳಕು ಕಣ್ಣಿಗೆ ಹೊಡೆಯುತ್ತದೆಂದು ಸ್ವಲ್ಪ ಹೊತ್ತು ಇಬ್ಬರೂ ಕನ್ನಡಕ ಒರೆಸಿಕೊಂಡೆವು.

ಇಂತಿ,
ತಾತ

ಸಿಪಿಯು ಮೇಲೆ ವಿಶೇಷವೇನೂ ಇಲ್ಲ. ಒಂದು ಮನಿಪ್ಲಾಂಟ್ ಇದೆ. ಸಣ್ಣದು. ಅದಕ್ಕೆ ನೆರಳು ಬೇಕು, ಸ್ವಲ್ಪ ಬೆಚ್ಚಗೂ ಇರಬೇಕು, ಆ ಜಾಗ ಹೇಳಿ ಮಾಡಿಸಿದ ಹಾಗಿತ್ತು.

*

ಪುತ್ತೂರು
7 ಅಕ್ಟೋಬರ್ 2025

ಪ್ರೀತಿಯ ತಾತ,

ಹಲಸಿನ ಮರದ ಬಗ್ಗೆ ಏನಾದರೂ ಬರೆಯಬೇಕೆಂದು ಮೂರು ಹಾಳೆ ಹರಿದೆ. ಬರುತ್ತಿಲ್ಲ. ಆ ಚಿತ್ರ ನೋಡಬೇಕು, ಅಷ್ಟೇ.

ಮನಿಪ್ಲಾಂಟಿನ ಬಗ್ಗೆ ಮಾತ್ರ ಚೆನ್ನಾಗಿ ಬರೆಯಲು ಬರುತ್ತದೆ. ತಾತ! ನೀನು ದಿನಾ ನೀರು ಹಾಕಿರುತ್ತೀಯ. ಆ ನೀರು ಕುಂಡದಡಿಯಿಂದ ಇಳಿದು ಹಿಂಭಾಗದ ತೂತುಗಳ ಮೇಲೇ ಹರಿದಿರುತ್ತದೆ. ಈಗಲೇ ಸ್ವಿಚ್ ಆರಿಸು, ಪ್ಲಗ್ ಕಿತ್ತುಹಾಕು. ಕುಂಡ ಕೆಳಗಿಡು. ನೀನಾಗಿ ಏನೂ ಬಿಚ್ಚಲು ಹೋಗಬೇಡ. ರೇವಂತಣ್ಣನ ಗೆಳೆಯ ಸುಭಾಷ್ ಅಂತ ಬನಶಂಕರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ, ಮನೆಗೆ ಬರುತ್ತಾನೆ. ಅವನಿಗೆ ಹೇಳಿಕಳಿಸು.

ಗಿಡವಾದರೂ ಚೆನ್ನಾಗಿದೆಯಾ?

ನಿನ್ನ,
ಅರ್ಪಿತ

*

ಸಿದ್ದಾಪುರ
26 ಅಕ್ಟೋಬರ್ 2025

ಚಿ. ಅರ್ಪಿತಾಗೆ ತಾತನ ಆಶೀರ್ವಾದ.

ಗಿಡ ತುಂಬ ಚೆನ್ನಾಗಿದೆ. ಕಿಟಕಿ ದಾಟಿದೆ.

ಸುಭಾಷ್ ಬಂದಿದ್ದ. ಹಿಂಭಾಗ ನೋಡಿ, "ಅಂಕಲ್, ಇದೇನ್ ಕಂಪ್ಯೂಟರಾ, ಹೂಕುಂಡಾನಾ?" ಅಂದ. ತೂತುಗಳ ಒಳಗೆಲ್ಲ ಹಸಿರು ತುಕ್ಕು. ಅವು ಇನ್ನು ಆಗುವುದಿಲ್ಲವಂತೆ. ಮುಂದಿನ ಎರಡಕ್ಕೆ ಒಳಗಿಂದ ತಂತಿಯನ್ನೇ ಸಿಕ್ಕಿಸಿರಲಿಲ್ಲ, ಕೊಂಡಾಗಿನಿಂದ ಹಾಗೇ ಇತ್ತಂತೆ. ಆ ತಂತಿ ಸಿಕ್ಕಿಸಿ, ತನ್ನ ಚೀಲದಿಂದ ಒಂದು ಮೌಸ್ ತೆಗೆದು ಚುಚ್ಚಿದ. ದೀಪ ಹತ್ತಿತು. ಬಾಣ ಓಡಾಡಿತು. ನಿಮ್ಮಮ್ಮ ಚಪ್ಪಾಳೆ ತಟ್ಟಿದಳು. ನಿಮ್ಮಪ್ಪ "ಹೊಸಾ ಮೌಸ್ ನಾನ್ ತರ್ತೀನಿ" ಅಂದಿದ್ದಾನೆ.

ಅವನು ಹೋದ ಮೇಲೆ ನನ್ನ ಹಳೆಯ ಚಿತ್ರ ತೆಗೆದು ನೋಡಿದೆ. ದುಂಡನೆಯ ಬಾವಿ, ಮೂಡಲಿಗೆ ದಾಳಿಂಬೆ, ಕೊಟ್ಟಿಗೆಯೇ ಇಲ್ಲ. ಯಾರದೋ ತೋಟದ ಹಾಗಿತ್ತು. ನಗು ಬಂತು. ಅಳಿಸಲಿಲ್ಲ, ನೀನು ಬಂದಾಗ ತೋರಿಸುತ್ತೇನೆ.

ಈಗ ಒಂದು ಗುಟ್ಟು. ಕಂಪ್ಯೂಟರ್ ಸರಿಯಾದದ್ದನ್ನು ನಾನು ಅಕ್ಕನಿಗೆ ಹೇಳಿಲ್ಲ. ಶುಕ್ರವಾರ ಕೇಳಿದಳು, "ನಿನ್ ಮಿಶಿನ್ನು ಏನಾಯ್ತೋ?" "ಎಲ್ಲಿ, ಅದ್ಯಾವುದೋ ಪಾರ್ಟು ಸಿಗ್ತಿಲ್ವಂತೆ, ಟೈಮ್ ಹಿಡಿಯುತ್ತೆ" ಅಂದೆ. ನನಗೇ ಆಶ್ಚರ್ಯವಾಗುವಷ್ಟು ಸಲೀಸಾಗಿ ಬಂತು. ಸರಿಯಾಯಿತು ಅಂದರೆ "ಸರಿ, ನಿನ್ ಮನೇಲೇ ಬರ್ಕೋ" ಅಂದುಬಿಟ್ಟರೆ? ಈ ವಯಸ್ಸಿನಲ್ಲಿ ಸುಮ್ಮನೆ ಬಂದೆ ಅಂತ ಹೋಗುವ ಅಭ್ಯಾಸ ನಮ್ಮಿಬ್ಬರಿಗೂ ಇಲ್ಲ. ಏನಾದರೊಂದು ಕೆಲಸ ಇರಬೇಕು. ನೀನೂ ಹೇಳಬೇಡ.

ಸ್ಪೆಷಲ್ ಕ್ಲಾಸು ಮುಗಿಯಿತೇ? ಚಕ್ಕುಲಿ ಕಳಿಸುತ್ತಿದ್ದೇವೆ.

ಇಂತಿ,
ತಾತ

*

ವಿಲ್ಸನ್ ಗಾರ್ಡನ್, ಬೆಂಗಳೂರು
7 ನವೆಂಬರ್ 2025

ಮಗು ಅರ್ಪಿತಾಗೆ ನಿನ್ನ ದೊಡ್ಡಜ್ಜಿ ಅಕ್ಕಯಮ್ಮನ ಆಶೀರ್ವಾದ.

ನನ್ನ ಅಕ್ಷರ ಯಾರಿಗೂ ತಿಳಿಯುವುದಿಲ್ಲ, ಅದಕ್ಕೆ ರೇವಂತನ ಕೈಯಲ್ಲಿ ಬರೆಸುತ್ತಿದ್ದೇನೆ. ಹೇಳಿದ್ದನ್ನು ಹೇಳಿದ ಹಾಗೇ ಬರಿ, ಸ್ವಂತದ್ದು ಸೇರಿಸಬೇಡ ಅಂದಿದ್ದೇನೆ.

ನಿನ್ನ ವಿಳಾಸ ಇವನೇ ಕೊಟ್ಟ. ಐಸ್‌ಕ್ರೀಮಿನ ವಿಷಯವೂ ಹೇಳಿದ. ಒಳ್ಳೆಯ ಕೆಲಸ ಮಾಡಿದಿರಿ. ದೊಡ್ಡವರಿಗೆ ಬರದ ಬುದ್ಧಿ ನಿಮಗಾದರೂ ಬಂತು. ನಿನ್ನನ್ನು ನೋಡಿ ಏಳು ವರ್ಷವಾಯಿತು. ಆ ಬಳೆ ಈಗ ನಿನ್ನ ಕೈಗೆ ಹಿಡಿಸುವುದಿಲ್ಲ, ಹೊಸವು ತೆಗೆದಿಟ್ಟಿದ್ದೇನೆ. ಬಂದಾಗ ನೇರ ಇಲ್ಲಿಗೇ ಬಾ.

ಕಾಗದ ಬರೆಸಿದ್ದು ಬೇರೆ ವಿಷಯಕ್ಕೆ. ನಿನ್ನ ತಾತನ ಕಂಪ್ಯೂಟರು ಸರಿಯಾಗಿ ದಿನವಾಯಿತು. ಸುಭಾಷ್ ಅಂದೇ ಸಂಜೆ ಇಲ್ಲಿಗೆ ಬಂದು ಕಾಫಿ ಕುಡಿದು ಹೇಳಿಹೋದ. ನಿನ್ನ ತಾತ ಮಾತ್ರ ಪಾರ್ಟು ಸಿಗುತ್ತಿಲ್ಲ ಅನ್ನುತ್ತಾನೆ. ಚಿಕ್ಕಂದಿನಲ್ಲೂ ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತಿತ್ತು, ಈಗಲೂ ಆಗುತ್ತದೆ. ನಾನು "ಹೌದಾ, ಪಾಪ" ಅನ್ನುತ್ತೇನೆ. ನನಗೆ ಗೊತ್ತೆಂದು ನೀನು ಅವನಿಗೆ ಬರೆಯಬೇಡ. ಗೊತ್ತಾದರೆ ನಾಚಿಕೊಂಡು ಬರುವುದನ್ನೇ ಬಿಟ್ಟಾನು. ಅವನ ಸ್ವಭಾವ ನನಗೆ ಗೊತ್ತು, ನನ್ನದೂ ಅದೇ.

ಇನ್ನೊಂದು. ತೋಟ ಯಾವಾಗಲೋ ಬರೆದು ಮುಗಿದಿದೆ. ಮುಗಿಯಿತು ಅಂದರೆ ಅವನು ಇನ್ನೇನು ನೆಪ ಹುಡುಕಬೇಕು? ಅದಕ್ಕೆ ಅವನು ಬಂದಾಗಲೆಲ್ಲ ನಾನು ಒಂದೊಂದು ಗಿಡ ನೆನಪು ಮಾಡಿಕೊಳ್ಳುತ್ತಿದ್ದೇನೆ. ಮೊದಮೊದಲು ಇದ್ದವನ್ನೇ ಹೇಳುತ್ತಿದ್ದೆ. ಈಗ ಅವೂ ಖಾಲಿ. ನಮ್ಮ ತೋಟದಲ್ಲಿ ದ್ರಾಕ್ಷಿ ಇರಲಿಲ್ಲ ಮಗು. ಮಂಗಳವಾರ ಬಾಯಿಗೆ ಬಂತು, "ಬಾವಿ ಹತ್ರ ಒಂದು ದ್ರಾಕ್ಷಿ ಚಪ್ಪರ ಇತ್ತಲ್ವೇನೋ?" ಅಂದುಬಿಟ್ಟೆ. ಎಲ್ಲಿ ಜಗಳಕ್ಕೆ ಬರುತ್ತಾನೋ ಅಂತ ಅಳುಕಿತ್ತು. ಬಾವಿಯ ಪಕ್ಕಕ್ಕೆ ಬಾಣ ತಂದು ನಿಲ್ಲಿಸಿ, "ಹೂಂ ಕಣಕ್ಕ, ಇತ್ತು. ಕಪ್ಪು ದ್ರಾಕ್ಷಿ" ಅಂದ. ಒಂದೊಂದೇ ಗೊನೆ ಬರೆದ, ಬಲು ಹೊತ್ತು ಬರೆದ. ಊಟಕ್ಕೆ ತಡವಾಯಿತು.

ಇವತ್ತಿಗೆ ಅಂಜೂರ ಯೋಚಿಸಿಟ್ಟಿದ್ದೇನೆ. ಇರು, ಗೇಟಿನ ಸದ್ದಾಯಿತು. ಅವನೇ. ಬೇಗ ಮಡಚೋ ರೇವಂತ, ಅದನ್ನೂ ಬರೀತಿದೀಯಲ್ಲೋ

ನಿನ್ನ ದೊಡ್ಡಜ್ಜಿ